ಹತ್ತು ಎಣಿಸಿ, ಮಕ್ಕಳೇ

ಹೋದ ವರ್ಷ ನನ್ನ ಅಣ್ಣನಿಗೆ ಲಕ್ವ ಹೊಡೆಯಿತು. ಕೈಕಾಲು ಸುಧಾರಿಸಿದರೂ ಅತ್ತಿಗೆಯ ಹೆಸರು ಕೂಡ ನಾಲಿಗೆಗೆ ಬರಲಿಲ್ಲ. ಬುದ್ಧಿ ನೆಟ್ಟಗಿತ್ತು. ಹೆಚ್ಚಿನವರಲ್ಲಿ ಮಾತನ್ನು ನಡೆಸುವುದು ಮಿದುಳಿನ ಎಡಭಾಗ, ಪೆಟ್ಟಾದದ್ದು ಅಲ್ಲೇ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆವು. 1965ರಲ್ಲಿ ಶುರುವಾದದ್ದು ಅದು. ಅಲ್ಲಿನ ಮೇಡಂ ಮೊದಲು ಒಂದು, ಎರಡು ಎಣಿಸಲು ಹೇಳಿದರು. ಅಣ್ಣ ಹತ್ತರವರೆಗೆ ಸರಾಗವಾಗಿ ಎಣಿಸಿದ! ಮಾತು ಹೋದರೂ ಬಾಯಿಪಾಠದ ಎಣಿಕೆ, ವಾರದ ಹೆಸರು, ಹಾಡು ಎಷ್ಟೋ ಸಲ ಉಳಿದಿರುತ್ತವಂತೆ. ಅಲ್ಲಿಂದಲೇ ಅಭ್ಯಾಸ.

ಬ್ಯಾಂಕಿನ ಕೌಂಟರಿನಲ್ಲಿ ಅವಸರ ಕಲಿತವನು ನಾನು. ಅಣ್ಣನ ಮಾತನ್ನು ನಾನೇ ಮುಗಿಸಿಬಿಡುತ್ತಿದ್ದೆ. ಮೊನ್ನೆ ಅವನ ಮೊಮ್ಮಗಳು ಸುಮ್ಮನೆ ಕಾದಳು. “ಕಾ... ಕಾಫಿ” ಅಂದ ಅಣ್ಣ.

ನಿಮ್ಮಜ್ಜ ತಡವರಿಸಿದರೆ, ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ.