ಕಾಂಪೌಂಡ್ ಮನೆಯ ಲೆಕ್ಕಾಚಾರ

ಸೌದಿಯ ಜುಬೈಲ್, ದಮ್ಮಾಮ್, ರಿಯಾದ್‌ಗಳಲ್ಲಿ ಫ್ಯಾಮಿಲಿ ಜೊತೆ ಇರುವ ನಮ್ಮವರು ನಾಲ್ಕು ಮಂದಿ ಸೇರಿದರೆ ಒಂದು ಚರ್ಚೆ ಗ್ಯಾರಂಟಿ: ಕಾಂಪೌಂಡ್ ಒಳ್ಳೆಯದಾ, ಹೊರಗಿನ ಫ್ಲಾಟ್ ಒಳ್ಳೆಯದಾ?

ಕಾಂಪೌಂಡ್ ಅಂದರೆ ಎತ್ತರದ ಗೋಡೆ, ಗೇಟಿನಲ್ಲಿ ಸೆಕ್ಯುರಿಟಿ, ಒಳಗೆ ಮಕ್ಕಳಿಗೆ ಆಟದ ಜಾಗ. 2018ರ ಜೂನ್‌ವರೆಗೆ ಅಲ್ಲಿನ ರಸ್ತೆಯಲ್ಲಿ ಹೆಂಗಸರು ಕಾರು ಓಡಿಸುವಂತಿರಲಿಲ್ಲ. ಆಗ ಅವರಿಗೆ ಒಬ್ಬರೇ ಓಡಾಡುವ ಸ್ವಾತಂತ್ರ್ಯ ಸಿಕ್ಕಿದ್ದು ಈ ಗೋಡೆಯೊಳಗೇ. ಹಾಗಂತ ಗೋಡೆಯಿದ್ದರೆ ಭಯವೇ ಇಲ್ಲ ಎನ್ನುವಂತಿಲ್ಲ. 2003ರಲ್ಲಿ ರಿಯಾದ್‌ನ ಕಾಂಪೌಂಡ್‌ಗಳ ಮೇಲೆಯೇ ಬಾಂಬ್ ದಾಳಿ ನಡೆದಿತ್ತು.

ಖರ್ಚೂ ಕಡಿಮೆಯಲ್ಲ. ಬಾಡಿಗೆ ಕಂಪೆನಿ ಕೊಟ್ಟರೆ ಸರಿ, ನಮ್ಮ ಕೈಯಿಂದ ಕೊಡಬೇಕಾದರೆ ಕಷ್ಟ. ಅದರ ಮೇಲೆ ಹೆಂಡತಿ ಮಕ್ಕಳ ಶುಲ್ಕ: 2017ರಲ್ಲಿ ತಿಂಗಳಿಗೆ ತಲಾ 100 ರಿಯಾಲ್ ಇದ್ದದ್ದು 2020ಕ್ಕೆ 400 ಆಯಿತು. ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳಿಸಿದರು.

ಎಲ್ಲಕ್ಕಿಂತ ದೊಡ್ಡ ವಿಷಯ ಬೇರೆಯೇ ಇದೆ. ಕೆಲಸ ಹೋದರೆ ಇಕಾಮಾ ಹೋಯಿತು, ಮನೆಯೂ ಹೋಯಿತು. ಗೇಟಿನೊಳಗೆ ಬೆಳೆದ ಮಕ್ಕಳಿಗೆ ಆ ಊರೂ ಗೊತ್ತಿಲ್ಲ, ನಮ್ಮ ಊರೂ ಗೊತ್ತಿಲ್ಲ. ಬಾಡಿಗೆಯ ಲೆಕ್ಕ ಹಾಕುವಾಗ ಮರಳಿ ಬರುವ ದಿನದ ಲೆಕ್ಕವನ್ನೂ ಹಾಕೋಣ. ಮನೆಯೊಳಗೆ ಬ್ಯಾರಿಯಲ್ಲೇ ಮಾತಾಡೋಣ, ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆತರೋಣ.