ಮ್ಯಾನೇಜರುಗಳ ನಿರಂತರ ತರಬೇತಿಗೆ ಕಂಪನಿ ಹಣ ಹೂಡಬೇಕೆ?

ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವ ಖರ್ಚಿನ ಬಗ್ಗೆ ಕಂಪನಿಗಳಲ್ಲಿ ಹೆಚ್ಚು ತಕರಾರಿಲ್ಲ. ಈಗಾಗಲೇ ಹುದ್ದೆಯಲ್ಲಿರುವ ಮ್ಯಾನೇಜರುಗಳಿಗೆ ವರ್ಷವರ್ಷವೂ ತರಬೇತಿ ಬೇಕೆ ಎಂಬಲ್ಲಿ ಭಿನ್ನಾಭಿಪ್ರಾಯ ಹುಟ್ಟುತ್ತದೆ. ಲೆಕ್ಕಪತ್ರದ ನಿಯಮದಂತೆ ಈ ವೆಚ್ಚ ಆಸ್ತಿಯಲ್ಲ, ಆಯಾ ವರ್ಷದ ಖರ್ಚು. ಹಾಗಾಗಿ ಲಾಭ ಇಳಿದ ವರ್ಷ ಇದಕ್ಕೆ ಕತ್ತರಿ ಹಾಕುವುದು ಸುಲಭ.

ಪರ

ನಿರ್ವಹಣೆ ಸುಧಾರಿಸಿದರೆ ಉತ್ಪಾದನೆ ಹೆಚ್ಚುತ್ತದೆ ಎಂಬುದಕ್ಕೆ ಭಾರತದಲ್ಲೇ ಗಟ್ಟಿ ಪುರಾವೆಯಿದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬೈ ಸುತ್ತಲಿನ ಜವಳಿ ಗಿರಣಿಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆಯ್ದ ಗಿರಣಿಗಳಿಗೆ ಸಲಹೆಗಾರರು ತಿಂಗಳುಗಟ್ಟಲೆ ಬಂದು ಯಂತ್ರಗಳ ಕಾಲಕಾಲದ ದುರಸ್ತಿ, ಬಟ್ಟೆಯ ದೋಷಗಳ ದಾಖಲೆ, ನೂಲಿನ ದಾಸ್ತಾನಿನ ಲೆಕ್ಕ ಇವನ್ನು ರೂಢಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಏರಿತು. ಇಂಥ ಕ್ರಮಗಳು ಅದುವರೆಗೆ ಜಾರಿಯಾಗದಿದ್ದುದಕ್ಕೆ ಮುಖ್ಯ ಕಾರಣ ತಿಳಿವಳಿಕೆಯ ಕೊರತೆ.

ಬಡ್ತಿಯ ರೀತಿಯೂ ತರಬೇತಿಯ ಅಗತ್ಯವನ್ನು ಹೆಚ್ಚಿಸುತ್ತದೆ. ನುರಿತ ಎಂಜಿನಿಯರ್ ಮ್ಯಾನೇಜರ್ ಆದಾಗ ಕೆಲಸ ಹಂಚುವುದು, ತಪ್ಪು ತಿದ್ದುವುದು, ಜಗಳ ಬಗೆಹರಿಸುವುದು ಅವರಿಗೆ ಹೊಸ ವಿದ್ಯೆ. ಜನರಲ್ ಎಲೆಕ್ಟ್ರಿಕ್ 1956ರಲ್ಲಿ ಕ್ರೋಟನ್‌ವಿಲ್‌ನಲ್ಲಿ, ಟಾಟಾ ಸಮೂಹ 1966ರಲ್ಲಿ ಪುಣೆಯಲ್ಲಿ ಸ್ವಂತ ತರಬೇತಿ ಕೇಂದ್ರ ತೆರೆದದ್ದು ಈ ವಿದ್ಯೆಯನ್ನು ಕಲಿಸುವುದಕ್ಕಾಗಿಯೇ.

ವಿರೋಧ

ಕಲಿತದ್ದು ಕಲಿತವರ ಜೊತೆಗೇ ಹೋಗುತ್ತದೆ. ಎಲ್ಲ ಕಡೆಯೂ ಉಪಯೋಗಕ್ಕೆ ಬರುವ ಕೌಶಲಕ್ಕೆ ಕಂಪನಿಯೇ ಹಣ ತೆರಲು ಬಲವಾದ ಕಾರಣವಿಲ್ಲವೆಂದು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ಬ್ಲೂಮ್ ತಂಡ ವರ್ಷಗಳ ನಂತರ ಅದೇ ಗಿರಣಿಗಳಿಗೆ ಮರಳಿದಾಗ, ರೂಢಿಸಿಕೊಂಡಿದ್ದ ಕ್ರಮಗಳಲ್ಲಿ ಸುಮಾರು ಅರ್ಧದಷ್ಟು ಬಿಟ್ಟುಹೋಗಿದ್ದವು. ಮ್ಯಾನೇಜರುಗಳು ಬದಲಾದದ್ದು ಅದಕ್ಕೊಂದು ಮುಖ್ಯ ಕಾರಣ.

ಫಲವನ್ನು ಅಳೆಯುವುದೂ ಕಷ್ಟ. ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಈ ಅಳತೆಗೆ ನಾಲ್ಕು ಹಂತ ಗುರುತಿಸಿದರು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ಅನೇಕ ಕಂಪನಿಗಳ ಪರಿಶೀಲನೆ ಕೊನೆಯ ದಿನದ ಅಭಿಪ್ರಾಯ ಪತ್ರಕ್ಕೇ, ಅಂದರೆ ಮೊದಲ ಹಂತಕ್ಕೇ, ಮುಗಿಯುತ್ತದೆ. ಮ್ಯಾನೇಜರಿಗೆ ನಿರ್ಧರಿಸುವ ಅಧಿಕಾರವನ್ನೇ ಕೊಡದ ಕಂಪನಿಯಲ್ಲಿ ತೊಡಕಿರುವುದು ಕೌಶಲದಲ್ಲಲ್ಲ. ಅಲ್ಲಿ ತರಗತಿಗಳಿಂದ ಪ್ರಯೋಜನವಿಲ್ಲ.

ನಿರ್ಧಾರದ ಆಧಾರ

ಗಿರಣಿಗಳ ಅನುಭವ ಎರಡೂ ವಾದಗಳಿಗೆ ಒದಗುತ್ತದೆ: ಅರ್ಧ ಅಳಿಯಿತು, ಅರ್ಧ ಉಳಿಯಿತು, ಉಳಿದದ್ದು ಅದೇ ಮಾಲೀಕರ ಬೇರೆ ಗಿರಣಿಗಳಿಗೂ ಹಬ್ಬಿತು. ಕಲಿತದ್ದು ವ್ಯಕ್ತಿಯಲ್ಲೇ ಉಳಿಯದೆ ಕಂಪನಿಯ ನಿತ್ಯದ ಕ್ರಮವಾದರೆ ಹೂಡಿಕೆ ದಕ್ಕುತ್ತದೆ. ಆದ್ದರಿಂದ ಯಾವ ನಷ್ಟ ತಗ್ಗಬೇಕು, ಅದಕ್ಕೆ ಕೌಶಲದ ಕೊರತೆಯೇ ಕಾರಣವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನಂತರ ಒಂದು ವಿಭಾಗಕ್ಕೆ ತರಬೇತಿ ಕೊಟ್ಟು, ತರಬೇತಿಯಿಲ್ಲದ ಅಂಥದೇ ವಿಭಾಗದೊಂದಿಗೆ ಹೋಲಿಸಿ, ಫಲ ಕಂಡರೆ ವಿಸ್ತರಿಸುವುದು ವಿವೇಕದ ದಾರಿ.