ಬಣ್ಣದ ಚೆಂಡೂ ಬಾಹ್ಯಾಕಾಶವೂ

ಬಾಹ್ಯಾಕಾಶದ ಕಥೆಯನ್ನು ತೆರೆಯ ಮೇಲೆ ತರಲು ಕೋಟಿಗಟ್ಟಲೆ ಹಣ ಬೇಕೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. 1970ರ ಸುಮಾರಿಗೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಓಬ್ಯಾನನ್ ಅವರ ಬಳಿ ಅಂತಹ ಹಣವಿರಲಿಲ್ಲ. ಇದ್ದುದು ಒಂದು ಕಲ್ಪನೆ ಮಾತ್ರ. ಅಸ್ಥಿರ ಗ್ರಹಗಳನ್ನು ನಾಶಪಡಿಸುತ್ತ ಇಪ್ಪತ್ತು ವರ್ಷಗಳಿಂದ ಅಲೆಯುತ್ತಿರುವ ಒಂದು ನೌಕೆ, ಅದರೊಳಗೆ ಬೇಸತ್ತ ನಾಲ್ವರು, ಸಿಡಿಯಲೇಬೇಕೆಂದು ಹಟ ಹಿಡಿದು ವಾದಕ್ಕಿಳಿಯುವ ಒಂದು ಬಾಂಬು! 'ಡಾರ್ಕ್ ಸ್ಟಾರ್' ಎಂಬ ಹಾಸ್ಯಚಿತ್ರ ಹುಟ್ಟಿದ್ದು ಹೀಗೆ.

ಅಡುಗೆಮನೆಯ ಐಸ್ ಟ್ರೇಗಳು ನೌಕೆಯ ಗುಂಡಿಗಳಾದವು. ಕಡಲತೀರದಲ್ಲಿ ಮಕ್ಕಳು ಆಡುವ ಗಾಳಿಚೆಂಡಿಗೆ ಬಣ್ಣ ಬಳಿದು ಪಾದಗಳನ್ನು ಜೋಡಿಸಲು, ಅದೇ ಅನ್ಯಲೋಕದ ಜೀವಿಯಾಯಿತು. ಕಾರ್ಪೆಂಟರ್ ನಿರ್ದೇಶನದ ಜೊತೆಗೆ ಸಂಗೀತವನ್ನೂ, ಓಬ್ಯಾನನ್ ನಟನೆಯ ಜೊತೆಗೆ ಸಂಕಲನವನ್ನೂ ವಹಿಸಿಕೊಂಡರು. ಒಟ್ಟು ವೆಚ್ಚ ಸುಮಾರು 60,000 ಡಾಲರ್.

ವಿದ್ಯಾರ್ಥಿಗಳ ಕೃತಿಯಾಗಿ ಅದು ಬೆರಗು ಹುಟ್ಟಿಸುವಂತಹುದೇ. ಆದರೆ ನಿರ್ಮಾಪಕ ಜ್ಯಾಕ್ ಹ್ಯಾರಿಸ್ ಅವರ ನೆರವಿನಿಂದ ಪೂರ್ಣ ಚಿತ್ರವಾಗಿ ಬೆಳೆದು ಚಿತ್ರಮಂದಿರಗಳಿಗೆ ಬಂದಾಗ ಪ್ರೇಕ್ಷಕರು ಹೆಚ್ಚಾಗಿ ನಗಲೇ ಇಲ್ಲ. ಅತ್ಯುತ್ತಮ ವಿದ್ಯಾರ್ಥಿಚಿತ್ರವೆನಿಸಬಹುದಾಗಿದ್ದುದು ವೃತ್ತಿಪರ ಚಿತ್ರಗಳ ಸಾಲಿನಲ್ಲಿ ತೀರ ಸಪ್ಪೆಯಾಯಿತೆಂಬ ಅರ್ಥದ ಮಾತನ್ನು ಓಬ್ಯಾನನ್ ಅವರೇ ಮುಂದೆ ಆಡಿದ್ದುಂಟು. ಕೃತಿಯ ಜೀವಾಳ ಬದಲಾಗಿರಲಿಲ್ಲ. ಅಳೆಯುವ ಕೋಲು ಬದಲಾಗಿತ್ತು.

ಓಬ್ಯಾನನ್ ಪ್ರೇಕ್ಷಕರನ್ನು ಶಪಿಸುತ್ತ ಕೂರಲಿಲ್ಲ. ಜನ ನಗದಿದ್ದರೆ ಹೆದರಿಯಾರು ಎಂದು ಬಗೆದು, ನೌಕೆಯೊಳಗೆ ಅವಿತ ಜೀವಿಯ ಅದೇ ಕಲ್ಪನೆಯನ್ನು ಭಯದ ಕಡೆಗೆ ತಿರುಗಿಸಿದರು. ಅವರ ಚಿತ್ರಕಥೆಯಿಂದ 1979ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶನದ 'ಏಲಿಯನ್' ಮೂಡಿಬಂದು, ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು. ಕಾರ್ಪೆಂಟರ್ 1978ರಲ್ಲಿ 'ಹ್ಯಾಲೋವೀನ್' ನಿರ್ದೇಶಿಸಿ ಹೆಸರಾದರು. 'ಡಾರ್ಕ್ ಸ್ಟಾರ್' ಕೂಡ ನಿಧಾನವಾಗಿ ತನ್ನ ಅಭಿಮಾನಿಗಳನ್ನು ಸಂಪಾದಿಸಿಕೊಂಡಿತು.

ಬಡತನವೇ ಕಲೆಯ ಗುಣವೆಂದು ನಾವು ಹೇಳುತ್ತಿಲ್ಲ. ಚೆಂಡು ಚೆಂಡಾಗಿಯೇ ಕಾಣುತ್ತದೆ, ಕೆಲವು ದೃಶ್ಯಗಳು ಎಳೆದಂತಿವೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಚೆಂಡನ್ನು ಕಂಡಷ್ಟಕ್ಕೇ ನೋಟ ನಿಂತರೆ, ಸಾವಿನ ಹೊಸ್ತಿಲಲ್ಲಿ ನಿಂತ ಮನುಷ್ಯನು ಬಾಂಬಿಗೆ ತತ್ತ್ವಶಾಸ್ತ್ರವನ್ನು ಬೋಧಿಸುವ ಅಪೂರ್ವ ಸನ್ನಿವೇಶ ನಮ್ಮ ಕೈತಪ್ಪಿ ಹೋಗುತ್ತದೆ. ಕೊರತೆಯನ್ನು ಯಾರ ಕಣ್ಣಾದರೂ ಹಿಡಿಯಬಲ್ಲದು. ಕೊರತೆಯ ನಡುವೆ ಹೊಳೆಯುವ ವಿಚಾರವನ್ನು ಗುರುತಿಸಲು ಸ್ವಲ್ಪ ತಾಳ್ಮೆ ಬೇಕು.

ಇಂದು ಮೊಬೈಲ್ ಫೋನಿನಲ್ಲಿಯೇ ಕಿರುಚಿತ್ರ ತೆಗೆಯುವ ಮಕ್ಕಳು ಅನೇಕ ಮನೆಗಳಲ್ಲಿದ್ದಾರೆ. ಅವರ ರಟ್ಟಿನ ರಾಕೆಟ್ಟನ್ನು ಎತ್ತಿ ಹಿಡಿದ ದಾರ ನಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ದಾರದ ಮಾತನ್ನು ಅನಂತರ ಆಡೋಣ. ಆ ರಾಕೆಟ್ಟು ಎಲ್ಲಿಗೆ ಹೊರಟಿದೆಯೆಂದು ಮೊದಲು ಕೇಳೋಣ.